ಮಕ್ಕಳು ತಮ್ಮೂರಿನ ಲೆಕ್ಕ ತಾವೇ ತರಲಿ: ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕೋಲಾರ ಜಿಲ್ಲೆ.
ಜೊತೆಗೆ ಡಯಟ್‌ನ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯ) ಉಪನ್ಯಾಸಕರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಗಣಿತ ಹೇಳಿಕೊಡುವ ಎಲ್ಲ ಮೇಷ್ಟ್ರು, ಮೇಡಂಗಳಿಗೆ.

ಮಾನ್ಯರೇ, ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಹಿರಿಯ ಪ್ರಾಥಮಿಕ ಶಾಲೆಯ ಗಣಿತದಲ್ಲಿ ದತ್ತಾಂಶಗಳ ನಿರ್ವಹಣೆ ಅಂತ ಪಾಠ ಬರುತ್ತದೆ. ಸರಾಸರಿ, ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ), ಬಹುಲಕ (ಅತಿ ಹೆಚ್ಚು ಸಲ ಬರುವ ಅಂಕಿ), ಸ್ತಂಭಾಲೇಖ (ಬಾರ್ ಗ್ರಾಫ್) ಎಲ್ಲ ಅದರಲ್ಲೇ ಇವೆ. ಆ ಪಾಠಕ್ಕೆ ಬೇಕಾದ ಅಂಕಿಗಳನ್ನು ಮಕ್ಕಳೇ ಅಳೆದು, ಎಣಿಸಿ, ಮನೆಮನೆಗೆ ಹೋಗಿ ಕೇಳಿ ತರುವಂತೆ ಮಾಡಿ. ಎರಡು ವಾರದಲ್ಲಿ ಮುಗಿಸಿ ಮುಂದೆ ಓಡುವ ಬದಲು ಅದನ್ನು ಜೂನ್‌ನಿಂದ ಮಾರ್ಚ್‌ವರೆಗೆ ನಿಧಾನವಾಗಿ ನಡೆಸಲು ಬಿಡಿ. ಚಟುವಟಿಕೆಯ ಅಂಕವನ್ನೂ ಅದಕ್ಕೇ ಕೊಡಿ. ನನ್ನ ಬೇಡಿಕೆ ಇಷ್ಟೇ. ಉಳಿದದ್ದೆಲ್ಲ ಯಾಕೆ, ಹೇಗೆ ಅನ್ನುವುದು.

ನಾನು ಮುಳಬಾಗಿಲು ತಾಲ್ಲೂಕಿನವಳು. ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಗಣಿತ ಹೇಳಿಕೊಡುತ್ತೇನೆ. ಮನೆಯಲ್ಲಿ ಟೊಮೆಟೊ ಇಡುತ್ತೇವೆ, ಹಸು ಇವೆ. ಹಾಗಾಗಿ ಬೆಳಿಗ್ಗೆ ಡೈರಿಯ ಚೀಟಿ, ಮಧ್ಯಾಹ್ನ ಶಾಲೆಯ ಹಾಜರಿ, ಸಂಜೆ ಮಂಡಿಯ ರೇಟು. ಇಡೀ ದಿನ ಅಂಕಿಗಳ ಜೊತೆಗೇ ಇರುತ್ತೇನೆ. ನನ್ನ ತರಗತಿಯ ಮಕ್ಕಳ ಮನೆಗಳಲ್ಲೂ ಇದೇ ಕಥೆ. ಇಷ್ಟು ಲೆಕ್ಕದ ನಡುವೆ ಬೆಳೆಯುವ ಮಕ್ಕಳಿಗೆ ಸರಾಸರಿ ಅಂದರೆ ಭಯ ಯಾಕೆ?

ಈಗ ಆಗುವುದು ಹೀಗೆ. ಬೋರ್ಡಿನ ಮೇಲೆ ಐದು ಅಂಕಿ ಬರೆಯುತ್ತೇವೆ. ಯಾರೋ ಒಬ್ಬ ಆಟಗಾರ ಐದು ಪಂದ್ಯದಲ್ಲಿ ಹೊಡೆದ ರನ್ ಅದು. ಮಗು ಕೂಡಿಸುತ್ತದೆ, ಐದರಿಂದ ಭಾಗಿಸುತ್ತದೆ, ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತದೆ. ಪೂರ್ತಿ ಅಂಕ. "ಸರಿ, ಈ 34 ಅಂದರೆ ಏನು? ಅವನು ಯಾವ ಪಂದ್ಯದಲ್ಲಿ 34 ಹೊಡೆದ?" ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಸ್ತಂಭಾಲೇಖದ್ದು ಇನ್ನೂ ತಮಾಷೆ. ಹಿಂದೆ ನಾನು ನೋಡಿದ ಒಂದು ಶಾಲೆಯಲ್ಲಿ ಎಲ್ಲ ಮಕ್ಕಳ ಪುಸ್ತಕದಲ್ಲೂ ಅದೇ ಸ್ತಂಭಗಳು, ಅದೇ ಬಣ್ಣ. ಬೋರ್ಡಿನಿಂದ ಇಳಿಸಿಕೊಂಡದ್ದು. ಅದು ಚಿತ್ರಕಲೆ, ಗಣಿತ ಅಲ್ಲ.

ನಾವು ಶುರು ಮಾಡುವುದು ಅಳಗುಳಿಮಣೆಯಿಂದ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಂದಷ್ಟು ಹುಣಸೆ ಬೀಜ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದರೂ ಆಯಿತು. ಆಟ ಅರ್ಧಕ್ಕೆ ಬಂದಾಗ ನಿಲ್ಲಿಸಬೇಕು. ಒಂದು ಗುಳಿಯಲ್ಲಿ ಹನ್ನೊಂದು ಇರುತ್ತದೆ, ಇನ್ನೊಂದು ಖಾಲಿ, ಮತ್ತೊಂದರಲ್ಲಿ ಮೂರು. "ಒಂದು ಬೀಜವನ್ನೂ ಹೊರಗೆ ತೆಗೆಯದೆ ಎಲ್ಲ ಗುಳಿ ಸಮ ಮಾಡಿ" ಅಂದರೆ ಸಾಕು. ಮೊದಲಿಗೆ ಒಂದೊಂದೇ ಬೀಜ ಅತ್ತಿಂದಿತ್ತ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಯಾವುದೋ ಮಗು ಬೇಸರಗೊಂಡು ಎಲ್ಲವನ್ನೂ ಒಟ್ಟಿಗೆ ಬಾಚಿ, ಒಂದೊಂದು ಗುಳಿಗೆ ಒಂದೊಂದರಂತೆ ಹಂಚಲು ಶುರು ಮಾಡುತ್ತದೆ. ಬಾಚಿದ್ದು ಕೂಡಿಸುವುದು, ಹಂಚಿದ್ದು ಭಾಗಿಸುವುದು. ಸೂತ್ರವನ್ನು ಯಾರೂ ಹೇಳಿಕೊಡಲಿಲ್ಲ. ಖಾಲಿ ಗುಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಸೊನ್ನೆಯನ್ನು ಬಿಟ್ಟು ಭಾಗಿಸುವ ಮಕ್ಕಳು ಎಷ್ಟಿದ್ದಾರೆ ಅಂತ ಪೇಪರ್ ತಿದ್ದುವವರಿಗೆ ಗೊತ್ತಿದೆ. ಇನ್ನು ಕೊನೆಯಲ್ಲಿ ಮೂರು ಬೀಜ ಉಳಿದರೆ? ಅದನ್ನು ಹದಿನಾಲ್ಕು ಗುಳಿಗೆ ಹೇಗೆ ಹಂಚುವುದು? ಭಿನ್ನರಾಶಿ ತಾನಾಗಿ ಬಾಗಿಲು ತಟ್ಟುತ್ತದೆ.

ನಮ್ಮ ಕಡೆಗೆ ಇದರಿಂದ ಇನ್ನೊಂದು ಅನುಕೂಲವಿದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಹಳ ಮಕ್ಕಳು ಮನೆಯಲ್ಲಿ ಮಾತಾಡುವುದು ತೆಲುಗು. ಉದ್ದುದ್ದದ ವಾಕ್ಯದ ಲೆಕ್ಕ ಓದುವಷ್ಟರಲ್ಲಿ ಅರ್ಧ ಜನ ಸೋತಿರುತ್ತಾರೆ. ಬೀಜ ಸಮ ಮಾಡಲು ಯಾವ ಭಾಷೆಯೂ ಅಡ್ಡ ಬರುವುದಿಲ್ಲ.

ಮುಂದಿನ ಹೆಜ್ಜೆಗೆ ಬೇಕಾಗಿರುವುದು ಹಳೆಯ ಪೇಪರು, ಕತ್ತರಿ, ಅಂಟು. ಐದು ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅವರವರ ಎತ್ತರಕ್ಕೆ ಸರಿಯಾಗಿ ಕಾಗದದ ಪಟ್ಟಿ ಕತ್ತರಿಸಬೇಕು. ಪಟ್ಟಿಗಳ ಬುಡ ಒಂದೇ ಗೆರೆಗೆ ಬರುವಂತೆ ಗೋಡೆಗೆ ಅಂಟಿಸಿದರೆ ಸ್ತಂಭಾಲೇಖ ಸಿದ್ಧ. ತಮ್ಮದೇ ಅಳತೆಯ ಸ್ತಂಭ ಅದು. ಆಮೇಲೆ ಅದೇ ಪಟ್ಟಿಗಳನ್ನು ತೆಗೆದು ಒಂದರ ತುದಿಗೆ ಒಂದು ಅಂಟಿಸಿ, ಉದ್ದಕ್ಕೆ ಹಾಸಿ, ಐದು ಸಮ ಪಾಲಾಗಿ ಮಡಿಸಬೇಕು. ಒಂದು ಮಡಿಕೆಯ ಉದ್ದವೇ ಸರಾಸರಿ. ಎತ್ತರಗಳು 128, 132, 135, 140, 145 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಮಡಿಕೆ 136 ಬರುತ್ತದೆ. ಆ ಎತ್ತರದ ಮಗು ಆ ಐವರಲ್ಲಿ ಒಬ್ಬರೂ ಇಲ್ಲ! ಮಕ್ಕಳಿಗೆ ಇದು ದೊಡ್ಡ ಆಶ್ಚರ್ಯ. ಯಾರು 136ಕ್ಕಿಂತ ಎಷ್ಟು ಕಮ್ಮಿ, ಯಾರು ಎಷ್ಟು ಜಾಸ್ತಿ ಅಂತ ಬರೆಸಿ ನೋಡಿ. ಕಮ್ಮಿ ಇರುವವರದ್ದು 8, 4, 1. ಜಾಸ್ತಿ ಇರುವವರದ್ದು 4, 9. ಎರಡೂ ಕಡೆ 13. ಪ್ರತಿ ಸಲವೂ ಹೀಗೇ ಬರುತ್ತಾ ಅಂತ ಅವರೇ ಬೇರೆ ಗುಂಪು ಕಟ್ಟಿಕೊಂಡು ಪರೀಕ್ಷೆ ಮಾಡುತ್ತಾರೆ. ಆಗ ನಾವು ಸುಮ್ನೆ ನಿಂತಿರಬೇಕು, ಅಷ್ಟೇ. ನಮಗೆ ಕಷ್ಟವಾಗುವುದು ಅದೇ.

ಮಧ್ಯಾಂಕಕ್ಕೆ ಇಷ್ಟೂ ಬೇಡ. ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಎರಡೂ ತುದಿಯಿಂದ ಒಬ್ಬೊಬ್ಬರನ್ನು ಒಟ್ಟಿಗೆ ಕೂರಿಸುತ್ತಾ ಬಂದರೆ ಕೊನೆಗೆ ನಿಂತಿರುವ ಮಗುವೇ ಉತ್ತರ. ಇಬ್ಬರು ಉಳಿದರೆ ಇಬ್ಬರ ನಡುವೆ.

ಆದರೆ ಸರಾಸರಿ ಇರುವಾಗ ಮಧ್ಯಾಂಕ ಯಾಕೆ ಬೇಕು? ಇದನ್ನು ಬಿಸಿಯೂಟದ ಅಡುಗೆಮನೆಯಲ್ಲಿ ಕಲಿಸಬಹುದು. ಸಾರಿಗೆ ತಂದ ಸಿಹಿಗುಂಬಳವನ್ನು ಮಧ್ಯದಲ್ಲಿಟ್ಟು, ತೂಕ ಎಷ್ಟಿರಬಹುದು ಅಂತ ಎಲ್ಲರೂ ಚೀಟಿಯಲ್ಲಿ ಬರೆಯಲಿ. ಒಬ್ಬರದ್ದು ಇನ್ನೊಬ್ಬರು ನೋಡಬಾರದು. ಪ್ರತಿ ತರಗತಿಯಲ್ಲೂ ಒಬ್ಬ ತರಲೆ ಇದ್ದೇ ಇರುತ್ತಾನೆ, ಅವನು 60 ಕೆ.ಜಿ. ಅಂತ ಬರೆಯುತ್ತಾನೆ. ಒಂಬತ್ತು ಚೀಟಿಯಲ್ಲಿ 4, 5, 5, 6, 6, 7, 7, 8, 60 ಅಂತ ಬಂತು ಅಂದುಕೊಳ್ಳಿ. ಸರಾಸರಿ 12. ಆ ಒಬ್ಬನನ್ನು ಬಿಟ್ಟರೆ ಯಾರೂ 12ರ ಹತ್ತಿರವೂ ಹೇಳಿಲ್ಲ. ಮಧ್ಯಾಂಕ 6. ತರಲೆಯ ಚೀಟಿ ತೆಗೆದರೂ ಮಧ್ಯಾಂಕ 6, ಸರಾಸರಿ ಮಾತ್ರ 12ರಿಂದ 6ಕ್ಕೆ ಬೀಳುತ್ತದೆ. ಆಮೇಲೆ ಅಡುಗೆ ಅಮ್ಮನ ಕೈಯಲ್ಲಿ ತಕ್ಕಡಿಗೆ ಹಾಕಿಸಿ, ಎಷ್ಟು ಹತ್ತಿರ ಬಂದೆವು ಅಂತ ನೋಡಬೇಕು.

ಇದು ಸುಮ್ಮನೆ ಆಟ ಅಂತ ಯಾರಾದರೂ ಮೂಗು ಮುರಿದರೆ ಅವರಿಗೆ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಕಥೆ ಹೇಳಬಹುದು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಜಾನುವಾರು ಜಾತ್ರೆ. ಒಂದು ಎತ್ತನ್ನು ತೋರಿಸಿ, ಕೊಯ್ದು ಸ್ವಚ್ಛ ಮಾಡಿದ ಮೇಲೆ ಎಷ್ಟು ತೂಗುತ್ತದೆ ಅಂತ ಪಂದ್ಯ ಇಟ್ಟಿದ್ದರು. ಗಾಲ್ಟನ್ ಆ ಚೀಟಿಗಳನ್ನು ಕೇಳಿ ಪಡೆದು, ಓದಲು ಬಂದ 787 ಚೀಟಿಗಳನ್ನು ಸಾಲಾಗಿ ಜೋಡಿಸಿದರು. ನಡುವಿನ ಊಹೆ 1207 ಪೌಂಡ್. ನಿಜವಾದ ತೂಕ 1198. ಜಾತ್ರೆಗೆ ಬಂದ ಜನರೆಲ್ಲ ಸೇರಿ ಅಷ್ಟು ಹತ್ತಿರ ಬಂದಿದ್ದರು.

ಬಹುಲಕದ ಪಾಠ ಬೇಕೆಂದರೆ ಇಲಾಖೆಯೇ ಅವಕಾಶ ಕೊಟ್ಟಿದೆ. ಸರ್ಕಾರ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಕೊಡುತ್ತದಲ್ವಾ? ಎಸ್‌ಡಿಎಂಸಿಯವರು (ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ), ಮುಖ್ಯಶಿಕ್ಷಕರು ಸೇರಿ ಸೈಜು ನೋಡಿ ತರಿಸಬೇಕು. ಆ ಅಳತೆಯನ್ನು ಮಕ್ಕಳಿಗೆ ಬಿಡಿ. ನೆಲದ ಮೇಲೆ ಪಾದದ ಗುರುತು ಬರೆದು, ಅಳೆದು, ಯಾವ ಸೈಜಿಗೆ ಎಷ್ಟು ಮಕ್ಕಳು ಅಂತ ಖಾಲಿ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಜೋಡಿಸಲಿ. ಪೊಟ್ಟಣಕ್ಕೆ ಒಂದು ಮಗು. ಸರಾಸರಿ ಸೈಜು 3.4 ಅಂತ ಬಂದರೆ ಆ ಶೂ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇಲ್ಲಿ ಸರಾಸರಿ ಕೆಲಸಕ್ಕೆ ಬರುವುದಿಲ್ಲ, ಯಾವ ಗೋಪುರ ಎಷ್ಟು ಎತ್ತರ ಅನ್ನುವುದೇ ಮುಖ್ಯ. ಬಂದ ಶೂಗಳು ಕಾಲಿಗೆ ಹಿಡಿಸಿದರೆ ಮಕ್ಕಳ ಲೆಕ್ಕ ಸರಿ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದಿದೆ ಹೇಳಿ.

ಇನ್ನೊಂದು ಚಟುವಟಿಕೆ ನನಗೆ ತುಂಬಾ ಇಷ್ಟ. ಮನೆಯ ಹಿರಿಯರು ಹುಟ್ಟಿದ ತಿಂಗಳು ಯಾವುದು ಅಂತ ಕೇಳಿಕೊಂಡು ಬರುವುದು. ತಿಂಗಳು ಮಾತ್ರ, ಬೇರೆ ಯಾವ ವಿವರವೂ ಬೇಡ, ಆಧಾರ್ ನಂಬರಂತೂ ಬೇಡವೇ ಬೇಡ. ಹನ್ನೆರಡು ಸ್ತಂಭ ಬರೆಸಿದರೆ ಜೂನ್ ಮತ್ತು ಜನವರಿಯವು ಎದ್ದು ಕಾಣುತ್ತವೆ. ಹಳ್ಳಿಯಲ್ಲಿ ಜನ ಜೂನ್‌ನಲ್ಲೇ ಜಾಸ್ತಿ ಹುಟ್ಟುತ್ತಿದ್ದರಾ? ಮಕ್ಕಳು ಏನೇನೋ ಕಾರಣ ಕಟ್ಟುತ್ತಾರೆ. ಮಳೆಗಾಲ ಅಂತಾರೆ, ಮದುವೆ ಸೀಸನ್ ಅಂತಾರೆ. ಅಜ್ಜಿಯನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಯಾರಿಗೂ ನೆನಪಿರಲಿಲ್ಲ. ಮೇಷ್ಟ್ರು ವಯಸ್ಸಿಗೆ ಹೊಂದಿಸಿ ಜೂನ್ 1 ಅಂತ ಬರೆದುಕೊಂಡರು. ಶಾಲೆಗೇ ಹೋಗದವರಿಗೆ ಆಧಾರ್ ಮಾಡಿಸುವಾಗ ಜನವರಿ 1 ಬಂತು. ಅಂಕಿ ಸುಳ್ಳಲ್ಲ, ಕಾಗದದಲ್ಲಿ ಹಾಗೇ ಇದೆ. ಆದರೆ ಅದು ಹೇಳುತ್ತಿರುವುದು ಹುಟ್ಟಿನ ವಿಷಯವಲ್ಲ, ಬರೆದುಕೊಂಡವರ ವಿಷಯ. ನಕ್ಷೆಯಲ್ಲಿ ಒಂದು ಸ್ತಂಭ ವಿಚಿತ್ರವಾಗಿ ಎದ್ದರೆ ಮೊದಲು ಕೇಳಬೇಕಾದ್ದು "ಇದನ್ನು ಯಾರು, ಹೇಗೆ ಬರೆದುಕೊಂಡರು" ಅಂತ. ಹನ್ನೆರಡು ವರ್ಷದ ಮಗುವಿಗೆ ಇದು ಅರ್ಥವಾದರೆ ಮುಂದೆ ಎಷ್ಟೋ ವಾಟ್ಸಾಪ್ ಸುದ್ದಿ ಅದರ ಹತ್ತಿರ ಸುಳಿಯುವುದಿಲ್ಲ.

ಇನ್ನು ಟೊಮೆಟೊ. ಕೋಲಾರದಲ್ಲಿ ಗಣಿತ ಕಲಿಸುತ್ತಾ ಟೊಮೆಟೊ ಬಿಟ್ಟರೆ ಅದೊಂದು ಅನ್ಯಾಯ. ಕೋಲಾರದ ಎಪಿಎಂಸಿಯಲ್ಲಿ, ನಮ್ಮ ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ರೇಟು ಹೇಳುವುದು 15 ಕೆ.ಜಿ. ಬಾಕ್ಸಿಗೆ. ದಿನದ ರೇಟು ಎಲ್ಲರ ಮೊಬೈಲಿಗೂ ಬರುತ್ತದೆ. ಒಂದು ಮಗು ದಿನಾ ಆ ರೇಟನ್ನು ತರಗತಿಯ ಗೋಡೆಯ ಮೇಲಿನ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಗುರುತಿಸಲಿ. ಒಂದೆರಡು ತಿಂಗಳಲ್ಲಿ ಗೆರೆ ಹೇಗೆ ಏರಿತು, ಹೇಗೆ ಇಳಿಯಿತು ಅಂತ ಕಾಣುತ್ತದೆ. 2023ರ ಜುಲೈ ನೆನಪಿದೆಯಲ್ಲ? ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ದಿನಗಳಲ್ಲಿ ಬಿಡಿಸುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದದ್ದನ್ನೂ ಇದೇ ಮಕ್ಕಳು ನೋಡಿದ್ದಾರೆ. ಅಂಥ ರೇಟು ಬಂದ ವರ್ಷ ಗೆರೆ ಹಾಳೆಯಿಂದ ಆಚೆ ಹೋಗುತ್ತದೆ. ಆಗ ಸ್ಕೇಲ್ ಬದಲಿಸಿ ಮತ್ತೆ ಬರೆಯಬೇಕು. ಪ್ರಮಾಣ ಅನ್ನುವುದು ಯಾಕೆ ಬೇಕು ಅಂತ ಬಾಯಲ್ಲಿ ಹೇಳುವ ಕೆಲಸ ಅಲ್ಲಿಗೆ ತಪ್ಪಿತು.

ನಿಜವಾದ ಪಾಠ ಇರುವುದು ಅದರ ಮುಂದೆ. ಒಬ್ಬ ರೈತ ಸಾವಿರ ರೂಪಾಯಿ ರೇಟು ಇದ್ದಾಗ ಹತ್ತು ಬಾಕ್ಸ್ ಮಾರಿದ, ನೂರು ರೂಪಾಯಿ ಇದ್ದಾಗ ನೂರು ಬಾಕ್ಸ್ ಮಾರಿದ ಅಂದುಕೊಳ್ಳೋಣ. ಎರಡು ರೇಟಿನ ಸರಾಸರಿ 550. "ಸರಾಸರಿ ಐನೂರೈವತ್ತು ಸಿಕ್ಕಿದೆ, ಇನ್ನೇನು ಬೇಕು?" ಅಂತ ಪೇಟೆಯವರು ಹೇಳಬಹುದು. ಆದರೆ ಅವನ ಕೈಗೆ ಬಂದದ್ದು ಒಟ್ಟು ಇಪ್ಪತ್ತು ಸಾವಿರ, ಹೋದದ್ದು 110 ಬಾಕ್ಸ್. ಬಾಕ್ಸಿಗೆ ಬಿದ್ದದ್ದು ಸುಮಾರು 182 ರೂಪಾಯಿ. ರೇಟು ಇದ್ದಾಗ ಮಾಲು ಇರುವುದಿಲ್ಲ, ಮಾಲು ಇದ್ದಾಗ ರೇಟು ಇರುವುದಿಲ್ಲ ಅಂತ ನಮ್ಮ ಮನೆಗಳಲ್ಲಿ ದಿನಾ ಹೇಳುವ ಮಾತು ಇದೇ ಲೆಕ್ಕ. ತೂಕದ ಸರಾಸರಿ ಅಂತ ಏಳನೇ ತರಗತಿಯಲ್ಲಿ ಹೆಸರು ಹೇಳುವ ಅಗತ್ಯವಿಲ್ಲ. ಬೀಜಗಳಲ್ಲಿ ಮಾಡಿ ತೋರಿಸಿದರೆ ಮಕ್ಕಳೇ "550 ತಪ್ಪು ಮಿಸ್" ಅಂತ ಕೂಗುತ್ತಾರೆ.

ಡೈರಿ ಚೀಟಿಯೂ ಇಷ್ಟೇ ಒಳ್ಳೆಯದು. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರುವ ಉಳಿದ ಘನಾಂಶ) ಎಲ್ಲ ಅಚ್ಚಾಗಿ ಬರುತ್ತದೆ. ಬೆಳಗಿನದ್ದು ಒಂದು ಬಣ್ಣ, ಸಂಜೆಯದ್ದು ಇನ್ನೊಂದು ಬಣ್ಣ ಅಂತ ಎರಡು ಗೆರೆ ಎಳೆದರೆ ಬಹಳ ಮನೆಗಳಲ್ಲಿ ಬೆಳಿಗ್ಗೆ ಹಾಲು ಜಾಸ್ತಿ, ಫ್ಯಾಟ್ ಕಮ್ಮಿ. ಸಂಜೆ ಉಲ್ಟಾ. ಸಂಜೆ ಕರೆದ ಮೇಲೆ ಬೆಳಗಿನವರೆಗೆ ಅಂತರ ಜಾಸ್ತಿ ಇರುವುದೇ ಇದಕ್ಕೆ ಮುಖ್ಯ ಕಾರಣ. ಗಣಿತದ ಪೀರಿಯಡ್ಡಿನಲ್ಲಿ ವಿಜ್ಞಾನ ಬಂದರೆ ಬರಲಿ ಬಿಡಿ.

ಮಳೆಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಪ್ರತಿ ಶಾಲೆಯಲ್ಲೂ ಒಂದು ಮಳೆಮಾಪಕ ಇರಲೇಬೇಕು. ದುಡ್ಡು ಕೊಟ್ಟು ತರಬೇಕಾಗಿಲ್ಲ. ಪಕ್ಕಗಳು ನೇರವಾಗಿರುವ ದೊಡ್ಡ ಪ್ಲಾಸ್ಟಿಕ್ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯಂತೆ ಕೂರಿಸಬೇಕು. ಬಾಟಲಿಯ ಬುಡ ಉಬ್ಬುತಗ್ಗು ಇರುತ್ತದೆ, ಅಲ್ಲಿಗೆ ಸಣ್ಣ ಕಲ್ಲು ಹಾಕಿ, ಪಕ್ಕ ನೇರವಾಗುವಲ್ಲಿಯವರೆಗೆ ನೀರು ತುಂಬಿಸಿ, ಆ ಮಟ್ಟಕ್ಕೆ ಸೊನ್ನೆ ಅಂತ ಗೆರೆ ಎಳೆಯಬೇಕು. ಮೇಲಕ್ಕೆ ಸ್ಕೇಲ್ ಇಟ್ಟು ಮಿಲಿಮೀಟರ್ ಗುರುತು. ಮರ, ಸೂರು ಇಲ್ಲದ ಕಡೆ ಇಡಬೇಕು. ದಿನಾ ಒಂದೇ ಹೊತ್ತಿಗೆ ನೋಡಬೇಕು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ನೋಡುತ್ತಾರೆ, ನಾವು ಪ್ರಾರ್ಥನೆಗೆ ಮುಂಚೆ ನೋಡಿದರೆ ಸಾಕು. ಭಾನುವಾರ ಯಾರೂ ಇರುವುದಿಲ್ಲ, ಹಾಗಾಗಿ ಸೋಮವಾರದ ಅಂಕಿಯಲ್ಲಿ ಎರಡು ದಿನದ್ದು ಸೇರಿದೆ ಅಂತ ಪಕ್ಕದಲ್ಲಿ ಬರೆಯುವುದನ್ನೂ ಕಲಿಸಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಸೂರು 80 ಚದರ ಮೀಟರ್ ಇದ್ದು, ಒಂದು ರಾತ್ರಿ 25 ಮಿಲಿಮೀಟರ್ ಬಂದರೆ ಎರಡು ಸಾವಿರ ಲೀಟರ್. ಅದೆಲ್ಲ ಎಲ್ಲಿಗೆ ಹೋಯಿತು ಅಂತ ಮಕ್ಕಳು ಕೇಳಿದರೆ ಉತ್ತರ ಕೊಡಬೇಕಾದವರು ನಾವು, ದೊಡ್ಡವರು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆಯುವ ಮಳೆಮಾಪಕಗಳನ್ನು ಇಟ್ಟಿದೆ. ಮಕ್ಕಳ ಬಾಟಲಿಯ ಅಂಕಿಯನ್ನು ಅದರ ಜೊತೆ ಹೋಲಿಸಬಹುದು. ಬೇರೆ ಬಂದರೆ ಗಾಬರಿ ಬೇಡ. ಒಂದೂರಲ್ಲಿ ಹುಯ್ದು ಪಕ್ಕದೂರಲ್ಲಿ ಒಣಗಿಸುವುದು ನಮ್ಮ ಕಡೆ ಮಳೆಯ ಹಳೇ ಚಾಳಿ. ಪೇಪರಿನಲ್ಲಿ ಬರುವ ವಾಡಿಕೆ ಮಳೆ ಅನ್ನುವುದೂ ಸರಾಸರಿಯೇ ಅಂತ ಆಗ ಹೇಳಬಹುದು. ಅದೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ದೇಶದ ಮುಂಗಾರಿಗೆ ಮೊದಲು 1961ರಿಂದ 2010ರವರೆಗಿನ ಲೆಕ್ಕ ಹಿಡಿದು ಸುಮಾರು 88 ಸೆಂ.ಮೀ. ಅನ್ನುತ್ತಿದ್ದರು. 2022ರಲ್ಲಿ ಹವಾಮಾನ ಇಲಾಖೆ 1971ರಿಂದ 2020ರವರೆಗಿನ ಲೆಕ್ಕಕ್ಕೆ ಬದಲಾಯಿಸಿತು, ಈಗ 87 ಸೆಂ.ಮೀ. ಜಿಲ್ಲೆಯ ಮಳೆ ವಾಡಿಕೆಗಿಂತ ಶೇ 19ರವರೆಗೆ ಹೆಚ್ಚು ಕಮ್ಮಿ ಆದರೂ ಇಲಾಖೆಯ ಭಾಷೆಯಲ್ಲಿ ಅದು ಸಾಮಾನ್ಯ ಮಳೆ. ಆದರೆ ರಾಗಿ ಬಿತ್ತುವಾಗ ಬಾರದೆ, ಎಲ್ಲವೂ ಅಕ್ಟೋಬರಿನಲ್ಲಿ ಒಟ್ಟಿಗೆ ಸುರಿದರೆ? ಒಟ್ಟು ಮೊತ್ತ ವಾಡಿಕೆಯಷ್ಟೇ, ಬೆಳೆ ಮಾತ್ರ ಇಲ್ಲ. ಸರಾಸರಿಗೆ ಕಾಣದ ಈ ಸಂಗತಿ ಮಕ್ಕಳು ಎಳೆದ ಗೆರೆಯಲ್ಲಿ ಕಾಣುತ್ತದೆ.

ಬೋರ್‌ವೆಲ್ ಲೆಕ್ಕವನ್ನು ದೊಡ್ಡ ಮಕ್ಕಳಿಗೆ ಕೊಡಬೇಕು, ಯಾಕೆಂದರೆ ಅಲ್ಲಿ ಸರಿಯಾದ ಉತ್ತರ ಒಂದೇ ಇರುವುದಿಲ್ಲ. ಒಂದು ಮನೆಯವರು ಮೂರು ಬೋರ್ ಕೊರೆಸಿದರು ಅಂದುಕೊಳ್ಳಿ. 900 ಅಡಿ, ನೀರಿಲ್ಲ. 1200 ಅಡಿ, ನೀರಿಲ್ಲ. 1400 ಅಡಿಗೆ ನೀರು ಬಿತ್ತು. ಸರಾಸರಿ ಎಷ್ಟು ಆಳ? ನೀರು ಬಿದ್ದದ್ದು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ 1400. ಮೂರನ್ನೂ ಸೇರಿಸಿದರೆ ಸುಮಾರು 1167. ಆದರೆ ಸಾಲ ಕೊಟ್ಟವನು ಕೇಳುವುದು ಒಟ್ಟು 3500 ಅಡಿಯ ದುಡ್ಡು. ಬತ್ತಿದ ಬೋರನ್ನು ಬಿಟ್ಟು ಲೆಕ್ಕ ಹಾಕಿದರೆ ಊರಿನ ಕಷ್ಟ ಅರ್ಧಕ್ಕರ್ಧ ಮಾಯವಾಗುತ್ತದೆ. 2018ರಿಂದ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದರಿಂದ ಬೋರ್‌ಗಳಿಗೆ ಅನುಕೂಲವಾಯಿತಾ, ಇಲ್ಲವಾ ಅಂತ ಅರಳಿಕಟ್ಟೆಯಲ್ಲಿ ದಿನಾ ಜಗಳ ನಡೆಯುತ್ತದೆ. ಮಕ್ಕಳು ಕೆರೆಯ ತೂಬಿನ ಹತ್ತಿರ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಗುರುತಿಸಿಕೊಳ್ಳಲಿ. ಜೊತೆಗೆ ದೊಡ್ಡವರು ಇರಲೇಬೇಕು, ಕೆರೆ ಕೆರೆಯೇ.

ಈಗ ಅಧಿಕಾರಿಗಳು ದಿನಾ ಕೇಳುವ ಒಂದು ಅಂಕಿಯನ್ನೇ ತೆಗೆದುಕೊಳ್ಳಿ. ಮೂವತ್ತು ಮಕ್ಕಳ ತರಗತಿ, ದಿನದ ಸರಾಸರಿ ಹಾಜರಿ 27. ಶೇ 90. ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ದಿನಕ್ಕೆ ಮೂವರಂತೆ ಬೇರೆ ಬೇರೆ ಮಕ್ಕಳು ಜ್ವರ, ಜಾತ್ರೆ ಅಂತ ತಪ್ಪಿಸಿದರೂ 27 ಬರುತ್ತದೆ. ಅದೇ ಮೂರು ಮಕ್ಕಳು ವರ್ಷವಿಡೀ ಬಾರದೇ ಇದ್ದರೂ 27 ಬರುತ್ತದೆ. ಎರಡೂ ಒಂದೇನಾ? ಹೆಸರಿನ ಎದುರು ಚೌಕ ಬಣ್ಣ ಹಚ್ಚುವ ನಕ್ಷೆ ಮಾಡಿಸಿ ನೋಡಿ. ಟೊಮೆಟೊ ಬಿಡಿಸುವ ಕಾಲದಲ್ಲಿ, ಸಂತೆಯ ದಿನ ಯಾರ ಸಾಲು ಖಾಲಿ ಅಂತ ಮಕ್ಕಳೇ ತೋರಿಸುತ್ತಾರೆ. ಇದನ್ನು ಗೋಡೆಗೆ ಹಾಕುವುದು ಬೇಡ, ಆ ಮೂರು ಮಕ್ಕಳಿಗೆ ಅವಮಾನ ಆಗಬಾರದು. ಮೇಷ್ಟ್ರ ಮೇಜಿನ ಮೇಲಿದ್ದರೆ ಸಾಕು.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಪೇಪರಿನಲ್ಲಿ, ಟಿವಿಯಲ್ಲಿ ಬರುವ ನಕ್ಷೆಗಳನ್ನೂ ಪಾಠಕ್ಕೆ ತರಬಹುದು. ಸ್ತಂಭ ಸೊನ್ನೆಯಿಂದ ಶುರುವಾಗದೆ 70ರಿಂದ ಶುರುವಾದರೆ, 75ಕ್ಕೂ 80ಕ್ಕೂ ಇರುವ ಸಣ್ಣ ಅಂತರ ದುಪ್ಪಟ್ಟಿನಂತೆ ಕಾಣುತ್ತದೆ. ಅದೇ ಅಂಕಿಗಳನ್ನು ಸೊನ್ನೆಯಿಂದ ಬರೆಯಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಕ್ಕಳು ನಗುತ್ತಾರೆ.

"ಇದಕ್ಕೆಲ್ಲ ಟೈಮ್ ಎಲ್ಲಿದೆ ಮೇಡಂ?" ಅಂತ ನನ್ನ ಜೊತೆಯವರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎರಡು ತರಗತಿಯನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಗಳಿವೆ. ಆದರೆ ಮೇಲೆ ಹೇಳಿದ ಬಹಳಷ್ಟು ಕೆಲಸಕ್ಕೆ ದಿನಕ್ಕೆ ಐದು ನಿಮಿಷ ಸಾಕು. ಮಳೆ ನೋಡುವುದು, ರೇಟಿನ ಚುಕ್ಕಿ ಇಡುವುದು ಮಕ್ಕಳ ಪಾಳಿಯಲ್ಲೇ ನಡೆಯುತ್ತದೆ. ನಿಜವಾಗಿ ಟೈಮ್ ತಿನ್ನುವುದು ಬೇರೆ. ಚಟುವಟಿಕೆ ಮಾಡಿದ್ದಕ್ಕೆ ಫೋಟೋ, ಫೋಟೋ ಹಾಕಿದ್ದಕ್ಕೆ ವರದಿ, ವರದಿಗೆ ನಮೂನೆ. ಫೋಟೋಗೆ ನಿಲ್ಲಿಸುವಷ್ಟರಲ್ಲಿ ಬೀಜ ಚೆಲ್ಲಿ ಪೀರಿಯಡ್ ಮುಗಿದಿರುತ್ತದೆ. ದಯವಿಟ್ಟು ಈ ಒಂದು ಪಾಠಕ್ಕೆ ಫೋಟೋ ಕೇಳಬೇಡಿ. ನೋಡಬೇಕೆನಿಸಿದರೆ ಸಿಆರ್‌ಪಿಯವರು (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಬಂದಾಗ ಯಾವುದಾದರೂ ಒಂದು ಮಗುವನ್ನು ಕರೆದು, "ಈ ನಕ್ಷೆ ಏನು ಹೇಳುತ್ತೆ?" ಅಂತ ಕೇಳಲಿ. ಅದೇ ವರದಿ.

ರೂಪಣಾತ್ಮಕ ಮೌಲ್ಯಮಾಪನದಲ್ಲಿ (ವರ್ಷದ ನಡುನಡುವೆ ಕಲಿಕೆ ನೋಡುವ ಮೌಲ್ಯಮಾಪನ) ಚಟುವಟಿಕೆಗೆ ಅಂಕ ಹೇಗೂ ಇದೆ. ಈಗ ಆ ಅಂಕ ಪೇಟೆಯಲ್ಲಿ ಕೊಂಡ ಚಾರ್ಟಿಗೆ, ಥರ್ಮಾಕೋಲಿಗೆ ಹೋಗುತ್ತದೆ. ಅಪ್ಪನ ಹತ್ತಿರ ದುಡ್ಡಿರುವ ಮಗುವಿಗೆ ಚೆಂದದ ಚಾರ್ಟು. ಬದಲಿಗೆ ಮಗು ತಾನೇ ತಂದ ಅಂಕಿ, ತಾನೇ ಬರೆದ ನಕ್ಷೆ, ಅದರ ಬಗ್ಗೆ ತನ್ನ ಮಾತಲ್ಲಿ ಎರಡು ಮೂರು ವಾಕ್ಯ, ಇವಕ್ಕೆ ಅಂಕ ಕೊಡಿ ಅಂತ ಒಂದು ಸುತ್ತೋಲೆ ಬಂದರೆ ಸಾಕು. ಪ್ರಶ್ನೆಪತ್ರಿಕೆಯಲ್ಲೂ "ಸರಾಸರಿ ಕಂಡುಹಿಡಿಯಿರಿ" ಅನ್ನುವುದರ ಕೆಳಗೆ "ಇಲ್ಲಿ ಸರಾಸರಿ ಸರಿಯಾದ ಚಿತ್ರ ಕೊಡುತ್ತದೆಯೇ? ಯಾಕೆ?" ಅಂತ ಇನ್ನೊಂದು ಸಾಲು ಸೇರಲಿ. ಡಯಟ್‌ನ ತರಬೇತಿಗಳಲ್ಲಿ ನಮ್ಮನ್ನು ಕೂರಿಸಿ ಸ್ಲೈಡ್ ತೋರಿಸುವ ಬದಲು ನಮ್ಮ ಕೈಗೂ ಬೀಜ, ಕಾಗದದ ಪಟ್ಟಿ ಕೊಡಲಿ. ಖರ್ಚು ಅಂತ ಹೇಳಬೇಕಾದರೆ ತರಗತಿಗೆ ಒಂದಷ್ಟು ಗ್ರಾಫ್ ಹಾಳೆ, ಒಂದು ಅಳತೆ ಟೇಪು, ಒಂದು ತಕ್ಕಡಿ. ಶಾಲಾ ಅನುದಾನದಲ್ಲಿ ಅದಕ್ಕೆ ಅವಕಾಶ ಮಾಡಿಕೊಡಿ.

ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಈಗ ಅಲ್ಲಿ ಮಕ್ಕಳು ಎದ್ದುನಿಂತು "ಶೌಚಾಲಯಕ್ಕೆ ನೀರು ಬೇಕು" ಅನ್ನುತ್ತಾರೆ. ಅಧ್ಯಕ್ಷರು "ಆಯ್ತಮ್ಮ, ನೋಡೋಣ" ಅನ್ನುತ್ತಾರೆ. ಯಾವ ಯಾವ ದಿನ ನೀರು ಬರಲಿಲ್ಲ ಅಂತ ಹೆಣ್ಣುಮಕ್ಕಳು ಮೂರು ತಿಂಗಳು ಗುರುತು ಹಾಕಿಕೊಂಡು, ಆ ನಕ್ಷೆಯನ್ನು ಸಭೆಯಲ್ಲಿ ಬಿಡಿಸಿ ಹಿಡಿದರೆ "ನೋಡೋಣ" ಅನ್ನುವುದು ಅಷ್ಟು ಸುಲಭವಲ್ಲ. ಇಂಗ್ಲೆಂಡಿನ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಮಾಡಿದ್ದೂ ಇದನ್ನೇ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗದಿಂದ ಸತ್ತ ಸೈನಿಕರೇ ಜಾಸ್ತಿ ಅಂತ ಬಣ್ಣದ ನಕ್ಷೆ ಬರೆದು ಸರ್ಕಾರದ ಮುಂದಿಟ್ಟರು. ಉದ್ದುದ್ದ ಪಟ್ಟಿ ಓದಲು ಪುರುಸೊತ್ತಿಲ್ಲದವರಿಗೂ ಅದು ಕಣ್ಣಿಗೆ ಬಿತ್ತು.

ಶುರು ಮಾಡಲು ದಿನವೂ ಸಿದ್ಧವಾಗಿದೆ. ಜೂನ್ 29, ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಲನೋಬಿಸ್ ಹುಟ್ಟಿದ ದಿನ. 2007ರಿಂದ ಅದನ್ನು ರಾಷ್ಟ್ರೀಯ ಸಾಂಖ್ಯಿಕ ದಿನ ಅಂತ ಆಚರಿಸುತ್ತಾರೆ. ಶಾಲೆ ತೆರೆದು ಒಂದು ತಿಂಗಳಾಗಿರುತ್ತದೆ, ಮುಂಗಾರು ಬಂದಿರುತ್ತದೆ, ಟೊಮೆಟೊ ಮಾರುಕಟ್ಟೆ ಬಿಸಿಯಾಗಿರುತ್ತದೆ. ಅವತ್ತು ಭಾಷಣ ಬೇಡ, ಪ್ರಬಂಧ ಸ್ಪರ್ಧೆಯೂ ಬೇಡ. ಜಿಲ್ಲೆಯ ಪ್ರತಿ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಒಂದು ಬಾಟಲಿ ಮಳೆಮಾಪಕ ಇಡಲಿ, ಗೋಡೆಗೆ ಒಂದು ಗ್ರಾಫ್ ಹಾಳೆ ಅಂಟಿಸಲಿ. ಜೂನ್ ಮೊದಲ ವಾರದಲ್ಲೇ ಸುತ್ತೋಲೆ ಹೊರಟರೆ ಬಾಟಲಿ, ಕಲ್ಲು ಹೊಂದಿಸಿಕೊಳ್ಳಲು ನಮಗೆ ಸಮಯ ಸಿಗುತ್ತದೆ. ಅತಿಥಿ ಶಿಕ್ಷಕರ ನೇಮಕವನ್ನೂ ಅಷ್ಟರೊಳಗೆ ಮುಗಿಸಿದರೆ ಇನ್ನೂ ಒಳ್ಳೆಯದು. ಅಳೆಯಿಸುವವರು ಇರಬೇಕಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಅತಿಥಿ ಶಿಕ್ಷಕಿ,
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ